ಮೋಟಾರು, ಜನರೇಟರು ಕೊಳ್ಳುವ ಮುನ್ನ: ನೇಮ್‌ಪ್ಲೇಟ್ ಓದುವ, ಮಾನಕ ತಾಳೆ ನೋಡುವ ಕ್ರಮ

'ಹತ್ತು ಎಚ್‌ಪಿಗೆ ಐಇ2 ಸಾಕೋ ಐಇ3 ಬೇಕೋ?', 'ಸುಟ್ಟ ಮೋಟಾರಿಗೆ ಕಾಯಿಲ್ ಕಟ್ಟಿಸೋಣವೋ ಹೊಸದೇ ತರೋಣವೋ?', 'ಈ ಜನರೇಟರು ನಮ್ಮ ಗಿರಣಿ ಎಳೆಯುತ್ತದೆಯೇ?' ದಾವಣಗೆರೆಯ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಯವರು, ಚಳ್ಳಕೆರೆಯ ಎಣ್ಣೆ ಗಿರಣಿಯವರು, ಹೊಳಲ್ಕೆರೆ, ಚನ್ನಗಿರಿ ಕಡೆಯ ಅಡಿಕೆ ತೋಟದವರು ಸುತ್ತಿ ಬಳಸಿ ಕೇಳುವುದು ಈ ಮೂರು ಪ್ರಶ್ನೆಗಳನ್ನೇ (ಐಇ2, ಐಇ3 ಎಂದರೆ ಮೋಟಾರಿನ ದಕ್ಷತೆಯ ದರ್ಜೆಗಳು). ಉತ್ತರದ ಮುಕ್ಕಾಲು ಪಾಲು ಮೋಟಾರಿನ ಮೈಮೇಲೆ ಹೊಡೆದಿರುವ ತಗಡಿನಲ್ಲಿ, ಅಂದರೆ ನೇಮ್‌ಪ್ಲೇಟಿನಲ್ಲಿ, ಇದೆ. ಉಳಿದ ಕಾಲು ಪಾಲು ನಿಮ್ಮ ಜಾಗದಲ್ಲಿದೆ: ಅಲ್ಲಿನ ವೋಲ್ಟೇಜು, ಸೆಕೆ, ಧೂಳು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನೇಮ್‌ಪ್ಲೇಟಿನ ಅಂಕಿಗಳು ಷರತ್ತಿನ ಮೇಲೆ ಕೊಟ್ಟ ಮಾತು. ಸುತ್ತಲಿನ ಗಾಳಿ 40 ಡಿಗ್ರಿ ದಾಟಬಾರದು, ಜಾಗ ಸಮುದ್ರ ಮಟ್ಟದಿಂದ 1000 ಮೀಟರಿಗಿಂತ ಎತ್ತರ ಇರಬಾರದು, ಮೂರು ಫೇಸೂ ಸಮನಾಗಿರಬೇಕು. ಇವೇ ಆ ಷರತ್ತುಗಳು. ಎತ್ತರದ ಚಿಂತೆ ನಮಗಿಲ್ಲ, ದಾವಣಗೆರೆ ಸುಮಾರು 600 ಮೀಟರು, ಚಿತ್ರದುರ್ಗ ಸುಮಾರು 730. ಸೆಕೆ ಮತ್ತು ಫೇಸ್ ಮಾತ್ರ ನಮ್ಮ ಕಡೆ ಸುಲಭಕ್ಕೆ ಮಾತು ಕೇಳುವುದಿಲ್ಲ.

ಬೇಕಾಗುವ ಸಾಮಾನು: 600 ವೋಲ್ಟ್ ಅಳೆಯುವ ಮಲ್ಟಿಮೀಟರ್, ಟಾಂಗ್ ಟೆಸ್ಟರ್ (ವಯರನ್ನು ಕತ್ತರಿಸದೆ ಬಾಯಲ್ಲಿ ಹಿಡಿದು ಆಂಪಿಯರ್ ನೋಡುವ ಮೀಟರು), 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನಿಂದ ಮೋಟಾರಿನ ಮೈಗೆ ಕರೆಂಟು ಸೋರುತ್ತದೆಯೇ ಎಂದು ನೋಡುವ ಸಾಧನ), ಅಳತೆ ಟೇಪು, ಫೋಟೋ ತೆಗೆಯಲು ಫೋನು, ಬರೆದಿಡಲು ಒಂದು ನೋಟ್‌ಬುಕ್ಕು. ಮೆಗ್ಗರ್ ನಿಮ್ಮ ಬಳಿ ಇಲ್ಲದಿದ್ದರೆ ವೈಂಡಿಂಗ್ ಅಂಗಡಿಯಲ್ಲಿ ಇರುತ್ತದೆ. ಕರೆಂಟು ಹರಿಯುವ ಕಡೆಯ ಅಳತೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಹಂತ 1: ಅಂಗಡಿಗೆ ಹೋಗುವ ಮೊದಲು ನಿಮ್ಮ ವೋಲ್ಟೇಜು ಅಳೆಯಿರಿ

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು, ಸುತ್ತಲಿನ ಮೋಟಾರುಗಳೂ ಓಡುತ್ತಿರುವಾಗ, ಫೇಸ್‌ನಿಂದ ಫೇಸ್‌ಗೆ ಮೂರು ಜೋಡಿಯನ್ನೂ ಅಳೆದು ಬರೆದಿಡಿ. ಐಎಸ್ 12615 ಮೂರು ಫೇಸಿನ ಇಂಡಕ್ಷನ್ ಮೋಟಾರುಗಳಿಗೆ ಇರುವ ಭಾರತೀಯ ಮಾನಕ. ಅದರಂತೆ ತಯಾರಾದ 415 ವೋಲ್ಟಿನ ಮೋಟಾರು ಮೇಲೆ ಕೆಳಗೆ ಶೇ 10ರವರೆಗೆ ತಡೆಯಬೇಕು. ಅಂದರೆ ಸುಮಾರು 374ರಿಂದ 456 ವೋಲ್ಟ್. ತಡೆಯುತ್ತದೆ ಎಂದರೆ ಸುಖವಾಗಿ ಓಡುತ್ತದೆ ಎಂದಲ್ಲ. ಮೋಟಾರಿನ ಎಳೆತ (ಟಾರ್ಕ್) ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: ವೋಲ್ಟೇಜು ಶೇ 10 ಇಳಿದರೆ ಎಳೆತ ಶೇ 19 ಇಳಿಯುತ್ತದೆ. ಅದೇ ಹೊರೆ ಎಳೆಯಲು ಮೋಟಾರು ಹೆಚ್ಚು ಆಂಪಿಯರ್ ತೆಗೆದುಕೊಳ್ಳುತ್ತದೆ, ಕಾಯಿಲ್ ಬಿಸಿಯಾಗುತ್ತದೆ.

ಕಡಿಮೆ ವೋಲ್ಟೇಜಿಗಿಂತ ಕೆಟ್ಟದ್ದು ಅಸಮ ವೋಲ್ಟೇಜು. ಲೆಕ್ಕ ಹಾಕುವುದು ಹೀಗೆ. ಮೂರು ಅಳತೆ 410, 402, 388 ಬಂದವು ಎನ್ನಿ. ಸರಾಸರಿ 400. ಸರಾಸರಿಯಿಂದ ಅತಿ ದೂರ ಇರುವುದು 388, ವ್ಯತ್ಯಾಸ 12. ಹನ್ನೆರಡನ್ನು 400ರಿಂದ ಭಾಗಿಸಿದರೆ ಶೇ 3 ಅಸಮತೆ. ಕೇಳಲು ಚಿಕ್ಕದು. ಆದರೆ ವೋಲ್ಟೇಜಿನಲ್ಲಿ ಶೇ 1 ಅಸಮತೆ ಇದ್ದರೆ ಆಂಪಿಯರಿನಲ್ಲಿ ಅದು ಆರರಿಂದ ಹತ್ತು ಪಟ್ಟು ಆಗಿ ಕಾಣಿಸಿಕೊಳ್ಳುತ್ತದೆ, ಒಂದು ಫೇಸಿನ ಕಾಯಿಲ್ ಮಾತ್ರ ಬೇಯುತ್ತದೆ. ಶೇ 3 ಅಸಮತೆಯಲ್ಲಿ ಮೋಟಾರಿಗೆ ಅದರ ಶಕ್ತಿಯ ಸುಮಾರು ಶೇ 88ರಷ್ಟು ಹೊರೆಯನ್ನಷ್ಟೇ ಕೊಡಬೇಕು, ಶೇ 5ರಲ್ಲಿ ಸುಮಾರು ಶೇ 75. ಅದಕ್ಕಿಂತ ಮೇಲೆ ಹೋದರೆ ಓಡಿಸಲೇಬೇಡಿ.

ಅಸಮತೆ ಕಂಡರೆ ಮೊದಲು ನಿಮ್ಮ ಕಡೆಯೇ ನೋಡಿ: ಸಡಿಲಗೊಂಡ ಫ್ಯೂಸು, ಸುಟ್ಟ ಲಗ್ಗು, ಒಂದೇ ಫೇಸಿಗೆ ಪೇರಿಸಿದ ಲೈಟು, ಫ್ಯಾನು. ಅಲ್ಲೆಲ್ಲ ಸರಿ ಇದ್ದೂ ಟಿಸಿಯಿಂದಲೇ (ಟ್ರಾನ್ಸ್‌ಫಾರ್ಮರಿನಿಂದಲೇ) ಹಾಗೆ ಬರುತ್ತಿದ್ದರೆ, ಅಳತೆ, ದಿನ, ವೇಳೆ ಬರೆದು ಬೆಸ್ಕಾಂಗೆ ಕೊಡಿ (ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯವು, ದೂರಿಗೆ 1912). 'ವೋಲ್ಟೇಜ್ ಸರಿ ಇಲ್ಲ' ಎಂಬ ಬಾಯಿ ಮಾತಿಗಿಂತ ಮೂರು ಹೊತ್ತಿನ ಒಂಬತ್ತು ಅಂಕಿಗೆ ತೂಕ ಹೆಚ್ಚು.

ಹಂತ 2: ನೇಮ್‌ಪ್ಲೇಟನ್ನು ಒಂದೊಂದೇ ಸಾಲಾಗಿ ಓದಿ

ಹಳೆಯ ಮೋಟಾರಿದ್ದರೆ ತಗಡನ್ನು ಒರೆಸಿ, ಓರೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಬಣ್ಣ ಬಳಿದಿದ್ದರೆ ಥಿನ್ನರ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು, ಸ್ಯಾಂಡ್‌ಪೇಪರ್ ತಿಕ್ಕಿದರೆ ಅಕ್ಷರವೇ ಹೋಗುತ್ತದೆ. ಹತ್ತು ಎಚ್‌ಪಿ ಮೋಟಾರಿನ ತಗಡಿನಲ್ಲಿ ಸಾಮಾನ್ಯವಾಗಿ ಕಾಣುವ ಸಾಲುಗಳು ಹೀಗಿರುತ್ತವೆ:

7.5 ಕಿಲೋವ್ಯಾಟ್ / 10 ಎಚ್‌ಪಿ, 415 ವೋಲ್ಟ್ ±10%, 50 ಹರ್ಟ್ಜ್ ±5%, 14.1 ಆಂಪಿಯರ್, 1450 ಆರ್‌ಪಿಎಂ, ಪವರ್ ಫ್ಯಾಕ್ಟರ್ 0.82, ಎಫಿಶಿಯೆನ್ಸಿ 90.4%, ಐಇ3, ಡ್ಯೂಟಿ ಎಸ್1, ಇನ್ಸುಲೇಷನ್ ಕ್ಲಾಸ್ ಎಫ್, ಐಪಿ55, ಐಸಿ411, ಫ್ರೇಮ್ 132ಎಂ, ಮೌಂಟಿಂಗ್ ಬಿ3.

*ಕಿಲೋವ್ಯಾಟ್*: ಶಾಫ್ಟಿನ ತುದಿಯಲ್ಲಿ ಸಿಗುವ ಶಕ್ತಿ ಇದು, ಮೀಟರಿನಿಂದ ಎಳೆಯುವುದಲ್ಲ. ಇಲ್ಲಿ ಮೀಟರಿನಿಂದ ಎಳೆಯುವುದು 7.5 ÷ 0.904, ಅಂದರೆ ಸುಮಾರು 8.3 ಕಿಲೋವ್ಯಾಟ್. ಈ ಎರಡನ್ನೂ ಒಂದೇ ಎಂದುಕೊಂಡು ಮಂಜೂರಾದ ಲೋಡ್ ಲೆಕ್ಕ ಹಾಕುವವರು ಬಹಳ.

*ಆಂಪಿಯರ್*: ಪೂರ್ತಿ ಹೊರೆಯಲ್ಲಿ, ನೇಮ್‌ಪ್ಲೇಟಿನ ವೋಲ್ಟೇಜಿನಲ್ಲಿ ತೆಗೆದುಕೊಳ್ಳುವ ಕರೆಂಟು. ರಿಲೇ (ಕರೆಂಟು ಮಿತಿ ದಾಟಿದರೆ ಮೋಟಾರನ್ನು ನಿಲ್ಲಿಸುವ ಸಾಧನ) ಹೊಂದಿಸುವುದು ಇದರ ಮೇಲೆ. 'ಸ್ವಲ್ಪ ಹೆಚ್ಚಾದರೆ ಏನೂ ಆಗುವುದಿಲ್ಲ' ಎಂಬ ಮಾತು ನಂಬಬೇಡಿ. ತಗಡಿನ ಮೇಲೆ ಸರ್ವಿಸ್ ಫ್ಯಾಕ್ಟರ್ ಎಂದು 1ಕ್ಕಿಂತ ಹೆಚ್ಚಿನ ಅಂಕಿ ಬರೆದಿಲ್ಲದಿದ್ದರೆ ಮೇಲಿನ ಹೊರೆಗೆ ಅವಕಾಶವೇ ಇಲ್ಲ.

*ಆರ್‌ಪಿಎಂ*: ನಾಲ್ಕು ಪೋಲಿನ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ರೋಟರ್ ಅದಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಆ ಹಿಂದೆ ಬೀಳುವಿಕೆಯೇ ಸ್ಲಿಪ್. ಇದರಿಂದ ಹೊರೆಯ ಅಂದಾಜು ಸಿಗುತ್ತದೆ. ಟ್ಯಾಕೋಮೀಟರಿನಲ್ಲಿ (ತಿರುಗುವ ವೇಗ ಅಳೆಯುವ ಮೀಟರು) 1475 ಬಂದರೆ ಸ್ಲಿಪ್ 25, ಪೂರ್ತಿ ಹೊರೆಯ ಸ್ಲಿಪ್ 50, ಅಂದರೆ ಮೋಟಾರು ಅರ್ಧ ಹೊರೆಯಲ್ಲಿ ಓಡುತ್ತಿದೆ. ಸ್ಲಿಪ್‌ಗೆ ಮಾನಕವೇ ±20% ಸಡಿಲ ಕೊಟ್ಟಿರುವುದರಿಂದ ಇದನ್ನು ಅಂದಾಜಾಗಿ ಮಾತ್ರ ನೋಡಿ.

*ಡ್ಯೂಟಿ*: ಎಸ್1 ಎಂದರೆ ಎಡೆಬಿಡದೆ ಓಡಬಲ್ಲದು. ಎಸ್2 ಸ್ವಲ್ಪ ಹೊತ್ತಿಗೆ ಮಾತ್ರ, ಆಮೇಲೆ ಪೂರ್ತಿ ತಣ್ಣಗಾಗಬೇಕು. ಎಸ್3 ಬಿಟ್ಟು ಬಿಟ್ಟು ಓಡುವುದಕ್ಕೆ, ಲಿಫ್ಟು, ಹಾಯ್ಸ್ಟಿನಂಥವು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕ್ರೇನಿನಿಂದ ಬಿಚ್ಚಿದ ಎಸ್3 ಮೋಟಾರು ಅಗ್ಗಕ್ಕೆ ಸಿಗುತ್ತದೆ. ಅದನ್ನು ಹಲ್ಲರ್‌ಗೆ ಹಾಕಿದರೆ ಒಂದೇ ಸುಗ್ಗಿ.

*ಇನ್ಸುಲೇಷನ್ ಕ್ಲಾಸ್*: ಕಾಯಿಲಿನ ಹೊದಿಕೆ ಎಷ್ಟು ಬಿಸಿ ತಡೆಯುತ್ತದೆ ಎಂಬುದು. ಬಿ 130 ಡಿಗ್ರಿ, ಎಫ್ 155, ಎಚ್ 180. ಎಫ್ ಕ್ಲಾಸಿನ ಹೊದಿಕೆ ಹಾಕಿ, ಬಿಸಿಯೇರಿಕೆಯನ್ನು ಬಿ ಮಟ್ಟಕ್ಕೆ, ಅಂದರೆ 80 ಡಿಗ್ರಿಗೆ, ಮಿತಿಗೊಳಿಸಿದ ಮೋಟಾರನ್ನೇ ಕೇಳಿ ತನ್ನಿ. ನಮ್ಮ ಕಡೆಗೆ ಅದೇ ಸರಿ. ತಗಡಿನ ಶೀಟಿನ ಕೆಳಗೆ, ಮಂಡಕ್ಕಿ ಭಟ್ಟಿಯ ಪಕ್ಕದಲ್ಲಿ, ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಷರತ್ತು ಉಳಿಯುವುದೇ ಇಲ್ಲ. ಹೊದಿಕೆಯ ಮಿತಿ ದಾಟಿದ ಪ್ರತಿ 10 ಡಿಗ್ರಿಗೆ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ.

*ಐಪಿ*: ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ23 ಬಯಲು ಮೈಯ ಮೋಟಾರು, ಗಿರಣಿಗೆ ಬೇಡವೇ ಬೇಡ. ಐಪಿ55 ಎಂದರೆ ಕೆಡುಕು ಮಾಡುವಷ್ಟು ಧೂಳು ಒಳಗೆ ಹೋಗದು, ಪೈಪಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಧೂಳು ಒಂದಿಷ್ಟೂ ಹೋಗಬಾರದು ಎಂದಾದರೆ ಮೊದಲ ಅಂಕಿ 6 ಇರಬೇಕು. ಎಡವುವುದು ಇಲ್ಲೇ: ಟರ್ಮಿನಲ್ ಬಾಕ್ಸಿನ ಗ್ಯಾಸ್ಕೆಟ್ ಕಳೆದುಹೋಗಿದೆ, ಕೇಬಲ್ ಗ್ಲ್ಯಾಂಡ್ ಇಲ್ಲದೆ ತೂತಿನಲ್ಲಿ ವಯರು ತೂರಿಸಿದ್ದಾರೆ. ಅಲ್ಲಿಗೆ ಐಪಿ55 ತಗಡಿನ ಮೇಲೆ ಮಾತ್ರ ಉಳಿಯಿತು. ಚಳ್ಳಕೆರೆ ಕಡೆಯವರಿಗೆ ಇನ್ನೊಂದು ಮಾತು. ಶೇಂಗಾ ಹಿಂಡುವ ಎಕ್ಸ್‌ಪೆಲರಿಗೆ ಐಪಿ55 ನಡೆಯುತ್ತದೆ. ಹಿಂಡಿಯಿಂದ ಹೆಕ್ಸೇನ್ ಹಾಕಿ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕಕ್ಕೆ ಅದು ಸಾಲದು, ಅಲ್ಲಿ ಐಎಸ್/ಐಇಸಿ 60079ರ ಪ್ರಕಾರ ಪ್ರಮಾಣಿತವಾದ ಫ್ಲೇಮ್‌ಪ್ರೂಫ್ ಮೋಟಾರೇ ಬೇಕು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

*ಐಸಿ411*: ಶಾಫ್ಟಿನ ಹಿಂಬದಿಯ ಫ್ಯಾನು ಮೈಮೇಲಿನ ಏಣುಗಳ ಮೇಲೆ ಗಾಳಿ ಊದಿ ತಣಿಸುವ ಬಗೆ. ಏಣುಗಳ ನಡುವೆ ಹೊಟ್ಟು, ಎಣ್ಣೆಯ ಜಿಡ್ಡು ಮೆತ್ತಿದರೆ ತಣಿಯುವುದು ನಿಲ್ಲುತ್ತದೆ. ಫ್ಯಾನ್ ಕವರಿನ ಹಿಂದೆ ಗೋಡೆ ತಾಗಿಸಿ ಕೂರಿಸುವುದೂ ಅಷ್ಟೇ ಕೆಟ್ಟದ್ದು.

*ಫ್ರೇಮ್, ಮೌಂಟಿಂಗ್*: 132 ಎಂದರೆ ಪಾದದ ತಳದಿಂದ ಶಾಫ್ಟಿನ ನಡುವಿಗೆ 132 ಮಿಲಿಮೀಟರ್. ಬಿ3 ಪಾದದ ಮೋಟಾರು, ಬಿ5 ಫ್ಲ್ಯಾಂಜಿನದು, ಬಿ35 ಎರಡೂ ಇರುವುದು.

ಹಂತ 3: ಐಇ ದರ್ಜೆಯನ್ನು ನಿಮ್ಮ ಗಂಟೆಗಳ ಮೇಲೆ ಲೆಕ್ಕ ಹಾಕಿ

ಐಇ ಎಂಬುದು ದಕ್ಷತೆಯ ದರ್ಜೆ. ನಾಲ್ಕು ಪೋಲಿನ 7.5 ಕಿಲೋವ್ಯಾಟ್ ಮೋಟಾರಿಗೆ ಕನಿಷ್ಠ ದಕ್ಷತೆ ಐಇ2ರಲ್ಲಿ 88.7%, ಐಇ3ರಲ್ಲಿ 90.4%, ಐಇ4ರಲ್ಲಿ 92.6%. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, ಪೂರ್ತಿ ಹೊರೆ ಎಂದು ಹಿಡಿದರೆ 2400 ಗಂಟೆ. ಐಇ2 ಎಳೆಯುವುದು 8.46 ಕಿಲೋವ್ಯಾಟ್, ಐಇ3 8.30, ಐಇ4 8.10. ಐಇ2ರಿಂದ ಐಇ3ಕ್ಕೆ ಹೋದರೆ ವರ್ಷಕ್ಕೆ ಸುಮಾರು 380 ಯೂನಿಟ್, ಐಇ4ಕ್ಕೆ ಹೋದರೆ ಸುಮಾರು 855 ಯೂನಿಟ್ ಉಳಿತಾಯ. ಇದನ್ನು ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ, ಮೋಟಾರುಗಳ ಬೆಲೆಯ ವ್ಯತ್ಯಾಸದ ಪಕ್ಕ ಇಟ್ಟು ನೋಡಿ.

ವರ್ಷವಿಡೀ ಓಡುವ ಗಿರಣಿಗೆ ಐಇ3ಕ್ಕಿಂತ ಕೆಳಗೆ ಇಳಿಯುವುದರಲ್ಲಿ ಅರ್ಥವಿಲ್ಲ. ಸುಗ್ಗಿಯಲ್ಲಿ 300 ಗಂಟೆ ಮಾತ್ರ ಓಡುವ ಒಕ್ಕಣೆ ಯಂತ್ರಕ್ಕೆ ಇದೇ ಲೆಕ್ಕ ವರ್ಷಕ್ಕೆ 48 ಯೂನಿಟ್ಟಿಗೆ ಬರುತ್ತದೆ. ಅಲ್ಲಿ ಆ ದುಡ್ಡನ್ನು ಒಳ್ಳೆಯ ಸ್ಟಾರ್ಟರಿಗೆ ಹಾಕಿ.

ಇದರಲ್ಲಿ ಎರಡು ಗುಂಡಿಗಳಿವೆ. ಒಂದು, ದಕ್ಷತೆಗೂ ಮಾನಕ ಸಡಿಲ ಕೊಟ್ಟಿದೆ: 150 ಕಿಲೋವ್ಯಾಟ್‌ವರೆಗಿನ ಮೋಟಾರಿನಲ್ಲಿ ನಷ್ಟದ ಶೇ 15ರಷ್ಟು. 90.4% ಎಂದು ಬರೆದ ಮೋಟಾರಿನ ನಷ್ಟ 9.6%, ಅದರ ಶೇ 15 ಅಂದರೆ 1.44. ಪರೀಕ್ಷೆಯಲ್ಲಿ 89% ಬಂದರೂ ಅದು ನಿಯಮದ ಒಳಗೇ ಇದೆ. ಹಾಗಾಗಿ ಎರಡು ಬ್ರ್ಯಾಂಡುಗಳ ನಡುವಿನ ಅರ್ಧ ಶೇಕಡಾ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಎರಡು, ಹೆಚ್ಚಿನ ದರ್ಜೆಯ ಮೋಟಾರಿಗೆ ಸ್ಲಿಪ್ ಕಡಿಮೆ, ಹಾಗಾಗಿ ಸ್ವಲ್ಪ ವೇಗವಾಗಿ ತಿರುಗುತ್ತದೆ. ಪಂಪು, ಬ್ಲೋವರುಗಳಲ್ಲಿ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುವುದರಿಂದ 1440 ಇದ್ದದ್ದು 1460 ಆದರೆ ಸುಮಾರು ಶೇ 4 ಹೆಚ್ಚು ಶಕ್ತಿ ಎಳೆಯುತ್ತದೆ. ಬೆಲ್ಟಿನ ಬ್ಲೋವರಾದರೆ ಪುಲ್ಲಿಯ ವ್ಯಾಸ ಅಷ್ಟಕ್ಕೆ ತಿದ್ದಿಸಿ. ಇಲ್ಲದಿದ್ದರೆ 'ಐಇ3 ಹಾಕಿದರೂ ಬಿಲ್ಲು ಇಳಿಯಲಿಲ್ಲ' ಎಂಬ ದೂರು ಗ್ಯಾರಂಟಿ.

ಹಂತ 4: ಐಎಸ್ಐ ಗುರುತು ನಿಜವೇ ನೋಡಿ

ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಮಾನಕದ ಸಂಖ್ಯೆ ವಸ್ತುವಿಗೆ ಹೊಂದುತ್ತದೆಯೇ ಎಂದೂ ನೋಡಿ: ಮೂರು ಫೇಸಿನ ಮೋಟಾರಿಗೆ 12615, ಸಿಂಗಲ್ ಫೇಸ್ ಮೋಟಾರಿಗೆ 996, ಬೋರಿನ ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ 8034, ಅದರ ಮೋಟಾರಿಗೆ 9283, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗೆ 14220, ಮೋನೋಬ್ಲಾಕಿಗೆ 9079. ಹಳೆಯ ಮೋಟಾರಿನಲ್ಲಿ 325 ಎಂದಿದ್ದರೆ ಅದು ಐಇ ದರ್ಜೆಗಳಿಗೂ ಹಿಂದಿನ ಮಾನಕ.

ಹಂತ 5: ಕೂರುವ ಅಳತೆ ತಾಳೆ ಮಾಡಿ

ಮಾನಕದ ದೊಡ್ಡ ಉಪಕಾರ ಇದೇ. 132ಎಂ ಫ್ರೇಮ್ ಯಾವ ಕಂಪನಿಯದ್ದಾದರೂ ಪಾದದ ತೂತುಗಳ ನಡುವೆ ಅಡ್ಡಕ್ಕೆ 216, ಉದ್ದಕ್ಕೆ 178 ಮಿಲಿಮೀಟರ್, ಶಾಫ್ಟ್ ವ್ಯಾಸ 38, ಶಾಫ್ಟಿನ ಹೊರಚಾಚು 80, ಕೀ ಅಗಲ 10. 132ಎಸ್ ಆದರೆ ಉದ್ದದ ಅಳತೆ 140. ಇದೊಂದೇ ವ್ಯತ್ಯಾಸಕ್ಕೆ ಬೇಸ್‌ಪ್ಲೇಟಿಗೆ ಹೊಸ ತೂತು ಕೊರೆಯುವವರನ್ನು ಕಾಣಬಹುದು. ಹಳೆಯ ಐಎಸ್ 325 ಮೋಟಾರು ತೆಗೆದು ಐಇ3 ಹಾಕುವಾಗ ಎಚ್‌ಪಿ ಹೇಳಿ ಕೈಬಿಡಬೇಡಿ, ಫ್ರೇಮ್ ಹೇಳಿ.

ಹಂತ 6: ವಯರಿಂಗ್, ಸ್ಟಾರ್ಟರ್, ರಿಲೇ

ಮೋಟಾರು ಸುಡುವ ಕಾರಣಗಳಲ್ಲಿ ಹೆಚ್ಚಿನವು ಈ ಹಂತದವು, ಹಾಗಾಗಿ ನಿಧಾನವಾಗಿ ಓದಿ.

ಡಿಓಎಲ್ ಸ್ಟಾರ್ಟರ್ (ನೇರವಾಗಿ ಲೈನಿಗೆ ಜೋಡಿಸುವುದು) ಹಾಕಿದರೆ ಶುರುವಿನಲ್ಲಿ ಪೂರ್ತಿ ಹೊರೆಯ ಆರೇಳು ಪಟ್ಟು ಕರೆಂಟು ನುಗ್ಗುತ್ತದೆ. ಸ್ಟಾರ್-ಡೆಲ್ಟಾದಲ್ಲಿ (ಕಾಯಿಲುಗಳನ್ನು ಮೊದಲು ಸ್ಟಾರ್ ಆಗಿ, ವೇಗ ಬಂದ ಮೇಲೆ ಡೆಲ್ಟಾ ಆಗಿ ಜೋಡಿಸುವ ಸ್ಟಾರ್ಟರ್) ಲೈನಿನ ಕರೆಂಟು ಡಿಓಎಲ್‌ನ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಎಳೆತವೂ ಮೂರನೇ ಒಂದಕ್ಕೇ ಇಳಿಯುತ್ತದೆ. ಹೊಟ್ಟೆ ತುಂಬ ಭತ್ತ ಇಟ್ಟುಕೊಂಡು ನಿಂತ ಎಲಿವೇಟರನ್ನು ಸ್ಟಾರ್‌ನಲ್ಲಿ ಎಬ್ಬಿಸಲು ಆಗುವುದಿಲ್ಲ. ಖಾಲಿ ಮಾಡಿ ಶುರು ಮಾಡಿ, ಇಲ್ಲವೇ ಬೇರೆ ಬಗೆಯ ಸ್ಟಾರ್ಟರ್ ಹಾಕಿ.

ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿಗಳಿರುತ್ತವೆ: ಯು1, ವಿ1, ಡಬ್ಲ್ಯು1 ಮತ್ತು ಯು2, ವಿ2, ಡಬ್ಲ್ಯು2. ಡಿಓಎಲ್‌ನಲ್ಲಿ ಡೆಲ್ಟಾ ಮಾಡಲು ಲೋಹದ ಪಟ್ಟಿಗಳಿಂದ ಯು1-ಡಬ್ಲ್ಯು2, ವಿ1-ಯು2, ಡಬ್ಲ್ಯು1-ವಿ2 ಜೋಡಿಸಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿಗೆ ಆರು ವಯರು ಎಳೆದಾಗ ಆ ಪಟ್ಟಿಗಳನ್ನು *ತೆಗೆದುಬಿಡಬೇಕು*. ಮರೆತರೆ ಮೊದಲ ಸ್ವಿಚ್ಚಿಗೇ ಶಾರ್ಟ್.

ರಿಲೇ ಹೊಂದಿಸುವಲ್ಲಿ ಬಲ್ಲವರೂ ತಪ್ಪುತ್ತಾರೆ. ಡಿಓಎಲ್‌ನಲ್ಲಿ ನೇಮ್‌ಪ್ಲೇಟಿನ ಆಂಪಿಯರಿಗೇ ಇಡಿ, ಇಲ್ಲಿ 14. ಸ್ಟಾರ್-ಡೆಲ್ಟಾದಲ್ಲಿ ರಿಲೇ ಸಾಮಾನ್ಯವಾಗಿ ಮೇನ್ ಕಂಟ್ಯಾಕ್ಟರಿನ ಕೆಳಗೆ, ಕಾಯಿಲಿನ ದಾರಿಯಲ್ಲಿ ಇರುತ್ತದೆ. ಅಲ್ಲಿ ಹರಿಯುವುದು ಲೈನ್ ಕರೆಂಟಿನ 0.58 ಪಾಲು ಮಾತ್ರ. 14.1ನ್ನು 0.58ರಿಂದ ಗುಣಿಸಿದರೆ 8.2 ಆಂಪಿಯರ್. ಅಲ್ಲಿಯೂ 14ಕ್ಕೆ ಇಟ್ಟರೆ ರಿಲೇ ಇದ್ದೂ ಇಲ್ಲದಂತೆ, ಮೋಟಾರು ಹೊಗೆಯಾಡಿದ ಮೇಲೂ ಟ್ರಿಪ್ ಆಗುವುದಿಲ್ಲ. ಜೊತೆಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ. ಒಂದು ಫೇಸ್ ಹೋದ ಕೂಡಲೇ ಮೋಟಾರನ್ನು ನಿಲ್ಲಿಸುವ ಸಾಧನ ಅದು.

ಪವರ್ ಫ್ಯಾಕ್ಟರ್ ಏರಿಸಲು ಕೆಪಾಸಿಟರ್ ಹಾಕುವಾಗ ಅದು ಮೋಟಾರಿನ ಖಾಲಿ ಓಟದ ಕೆವಿಎಯ (ವೋಲ್ಟೇಜು, ಕರೆಂಟು ಗುಣಿಸಿ ಬರುವ ಅಂಕಿ) ಶೇ 90 ಮೀರಬಾರದು. ಹತ್ತು ಎಚ್‌ಪಿ ಮೋಟಾರು ಖಾಲಿ ಓಟದಲ್ಲಿ 6 ಆಂಪಿಯರ್ ತೆಗೆದುಕೊಂಡರೆ 1.732 × 415 × 6 = ಸುಮಾರು 4.3 ಕೆವಿಎ, ಹಾಗಾಗಿ 3 ಕೆವಿಎಆರ್ (ಕೆಪಾಸಿಟರಿನ ಅಳತೆ) ಸುರಕ್ಷಿತ. ಹೆಚ್ಚು ಹಾಕಿದರೆ ಸ್ವಿಚ್ ಆಫ್ ಮಾಡಿದ ಮೇಲೂ ಮೋಟಾರು ತಾನೇ ವೋಲ್ಟೇಜ್ ಹುಟ್ಟಿಸಿ ತನ್ನ ಕಾಯಿಲಿಗೇ ಹೊಡೆಯುತ್ತದೆ. ರಿಲೇಯ ನಂತರ, ಮೋಟಾರಿನ ಕಡೆಗೆ ಕೆಪಾಸಿಟರ್ ಜೋಡಿಸಿದರೆ ರಿಲೇ ಕಾಣುವ ಆಂಪಿಯರ್ ಇಳಿಯುತ್ತದೆ, ಸೆಟ್ಟಿಂಗನ್ನೂ ಇಳಿಸಿ. ಸ್ಟಾರ್-ಡೆಲ್ಟಾ ಇದ್ದಲ್ಲಿ ಕೆಪಾಸಿಟರನ್ನು ಮೋಟಾರಿನ ತುದಿಗಳಿಗೆ ಕಟ್ಟಲೇಬೇಡಿ.

ಅರ್ಥಿಂಗ್: ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ಜೋಡಣೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಅದು ಎರಡಾಗುವುದಿಲ್ಲ. ಇದಕ್ಕೆ ಮಾರ್ಗದರ್ಶಿ ಮಾನಕ ಐಎಸ್ 3043.

ಬೋರ್‌ವೆಲ್‌ನವರಿಗೆ: ಕೇಬಲ್ಲೇ ನಿಮ್ಮ ಮೊದಲ ಶತ್ರು. 5.5 ಕಿಲೋವ್ಯಾಟಿನ ಮೋಟಾರು 13 ಆಂಪಿಯರ್ ಎಳೆಯುತ್ತದೆ, ಪ್ಯಾನಲಿನಿಂದ ಮೋಟಾರಿನವರೆಗೆ 250 ಮೀಟರ್ ಕೇಬಲ್ ಎನ್ನಿ. 4 ಚದರ ಮಿಲಿಮೀಟರ್ ತಾಮ್ರದ ಕೇಬಲಿನ ರೋಧ ಕಿಲೋಮೀಟರಿಗೆ 4.95 ಓಮ್. 1.732 × 13 × 4.95 × 0.25 = ಸುಮಾರು 28 ವೋಲ್ಟ್ ಕೇಬಲಿನಲ್ಲೇ ಹೋಯಿತು. 6 ಚದರ ಮಿಲಿಮೀಟರ್ (3.30 ಓಮ್) ಹಾಕಿದರೆ ಸುಮಾರು 19. ಪ್ಯಾನಲಿನಲ್ಲಿ 380 ಕಂಡರೆ ತಳದಲ್ಲಿ ಎಷ್ಟಿದ್ದೀತು, ನೀವೇ ಲೆಕ್ಕ ಹಾಕಿ. ನೀರು ತುಂಬಿದ ಬಗೆಯ ಮೋಟಾರನ್ನು ಇಳಿಸುವ ಮುನ್ನ ಶುದ್ಧ ನೀರು ತುಂಬಿ, ಗಾಳಿ ಗುಳ್ಳೆ ನಿಲ್ಲುವವರೆಗೆ ಅಲುಗಾಡಿಸಿ ಮತ್ತೆ ತುಂಬಿ. ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಮೂರು ಫೇಸಿನ ಮೋಟಾರು ಓಡಿಸುವುದು ನಮ್ಮ ಹೊಲಗಳಲ್ಲಿ ರೂಢಿಯಾಗಿದೆ. ಮೇಲೆ ಹೇಳಿದ ಅಸಮತೆಯನ್ನು ನಾವೇ ಕೈಯಾರೆ ತಂದುಕೊಂಡಂತೆ ಅದು, ಯಾವ ಮಾನಕದ ಮೋಟಾರೂ ಅದಕ್ಕೆಂದು ತಯಾರಾಗಿಲ್ಲ.

ಹಂತ 7: ಮೊದಲ ಓಟದ ಪರೀಕ್ಷೆ

ಕರೆಂಟು ಕೊಡುವ ಮೊದಲು ಪಟ್ಟಿಗಳನ್ನು ಬಿಚ್ಚಿ 500 ವೋಲ್ಟ್ ಮೆಗ್ಗರಿನಲ್ಲಿ ಪ್ರತಿ ಕಾಯಿಲಿನಿಂದ ಮೋಟಾರಿನ ಮೈಗೆ, ಕಾಯಿಲಿನಿಂದ ಕಾಯಿಲಿಗೆ ನೋಡಿ. ಹೊಸ ಮೋಟಾರು ನೂರಾರು ಮೆಗಾಓಮ್ ತೋರಿಸಬೇಕು. 5ಕ್ಕಿಂತ ಕೆಳಗೆ ಬಂದರೆ ಒಣಗಿಸದೆ ಓಡಿಸಬೇಡಿ. ಮಳೆಗಾಲದಲ್ಲಿ ಗೋದಾಮಿನಲ್ಲಿ ಬಿದ್ದಿದ್ದ ಮೋಟಾರು ಹೀಗೆ ತೋರಿಸುವುದು ಸಾಮಾನ್ಯ. ಮೆಗ್ಗರಿನ ಅಂಕಿ ಬಿಸಿಯ ಮೇಲೂ ಬದಲಾಗುತ್ತದೆ, 10 ಡಿಗ್ರಿ ಏರಿದರೆ ಸುಮಾರು ಅರ್ಧವಾಗುತ್ತದೆ. ಹಾಗಾಗಿ ಅಂಕಿಯ ಪಕ್ಕ ಅಂದಿನ ಉಷ್ಣಾಂಶ ಬರೆಯಿರಿ.

ಪಟ್ಟಿ ಹಾಕಿ, ಬೆಲ್ಟ್ ಇಲ್ಲದೆ ಓಡಿಸಿ ಮೂರು ಫೇಸಿನ ಖಾಲಿ ಆಂಪಿಯರ್ ಬರೆದಿಡಿ. ಆಮೇಲೆ ಹೊರೆ ಕೊಟ್ಟು ಮತ್ತೆ ಬರೆಯಿರಿ. ಮೂರು ಅಂಕಿ ಸಮನಾಗಿಲ್ಲದಿದ್ದರೆ ಮೂರೂ ವಯರನ್ನು ಒಂದೊಂದು ಸ್ಥಾನ ಸರಿಸಿ ಜೋಡಿಸಿ (ಮೂರನ್ನೂ ಸರಿಸಿದರೆ ತಿರುಗುವ ದಿಕ್ಕು ಬದಲಾಗದು). ಹೆಚ್ಚಿನ ಆಂಪಿಯರ್ ಅದೇ ಲೈನಿನಲ್ಲಿ ಉಳಿದರೆ ತಪ್ಪು ಸರಬರಾಜಿನದು, ಕಾಯಿಲಿನ ಜೊತೆ ಸರಿದರೆ ತಪ್ಪು ಮೋಟಾರಿನದು. ಅಂಗಡಿಯವರ ಜೊತೆ ವಾದಕ್ಕೆ ಇಷ್ಟು ಸಾಕು.

ಒಳಗಿನ ಬಿಸಿ ನೋಡಲು ಬಾಡಿಯ ಮೇಲೆ ಕೈ ಇಟ್ಟು ಹೇಳುವುದು ಲೆಕ್ಕಕ್ಕಿಲ್ಲ. ಮಾನಕ ಹೇಳುವುದು ರೋಧದ ವಿಧಾನ. ತಣ್ಣಗಿದ್ದಾಗ 30 ಡಿಗ್ರಿಯಲ್ಲಿ ಕಾಯಿಲಿನ ರೋಧ 1.20 ಓಮ್, ಹೊರೆಯಲ್ಲಿ ನಾಲ್ಕು ಗಂಟೆ ಓಡಿಸಿ ನಿಲ್ಲಿಸಿದ ಕೂಡಲೇ 1.52 ಓಮ್ ಎನ್ನಿ. 1.52 ÷ 1.20 × (235 + 30) − 235 = ಸುಮಾರು 101 ಡಿಗ್ರಿ. ಆಗ ಸುತ್ತಲಿನ ಗಾಳಿ 34 ಇದ್ದರೆ ಏರಿಕೆ 67, ಬಿ ಮಟ್ಟದ 80ರ ಒಳಗೇ ಇದೆ. ಇಷ್ಟು ಸಣ್ಣ ರೋಧಕ್ಕೆ ಮಾಮೂಲಿ ಮಲ್ಟಿಮೀಟರ್ ನಂಬಬಾರದು, ಕಡಿಮೆ ಓಮ್ ಅಳೆಯುವ ಮೀಟರೇ ಬೇಕು.

ಹಂತ 8: ಸುಟ್ಟರೆ ಕಾಯಿಲ್ ಕಟ್ಟಿಸಬೇಕೆ?

ಕಟ್ಟಿಸಬಹುದು, ಕೋರ್ (ಕಾಯಿಲ್ ಕೂರುವ, ತೆಳು ತಗಡುಗಳನ್ನು ಜೋಡಿಸಿ ಮಾಡಿದ ಕಬ್ಬಿಣದ ಭಾಗ) ಚೆನ್ನಾಗಿದ್ದರೆ. ಹಳೆಯ ಕಾಯಿಲ್ ಬಿಚ್ಚಲು ಗ್ಯಾಸ್ ಬೆಂಕಿ ಹಚ್ಚಿ ಕೆಂಪಗೆ ಕಾಯಿಸುವ ಪದ್ಧತಿ ಕೋರಿನ ತಗಡುಗಳ ನಡುವಿನ ಹೊದಿಕೆಯನ್ನು ಸುಡುತ್ತದೆ. ಅಲ್ಲಿಂದ ಮುಂದೆ ಮೋಟಾರು ಖಾಲಿ ಓಡಿದರೂ ಬಿಸಿಯಾಗುತ್ತದೆ, ಐಇ3 ತಗಡು ಹಾಗೇ ಇರುತ್ತದೆ. ಕೋರ್ 370 ಡಿಗ್ರಿ ದಾಟದಂತೆ ಓವನ್ನಿನಲ್ಲಿ ಸುಡುವ ಅಂಗಡಿ ಸಿಕ್ಕರೆ ಅಲ್ಲಿಗೇ ಕೊಡಿ. ಕೊಡುವಾಗ ಚೀಟಿಯಲ್ಲಿ ಬರೆಸಿ: ಸುತ್ತುಗಳ ಸಂಖ್ಯೆ, ತಂತಿಯ ಗೇಜು, ಎಷ್ಟು ತಂತಿ ಜೋಡಿ, ಪಿಚ್ಚು ಎಲ್ಲ ಮೊದಲಿನಂತೆಯೇ, ಹೊದಿಕೆ ಎಫ್ ಕ್ಲಾಸ್, ಬೇರಿಂಗ್ ಸಂಖ್ಯೆ ಕೊನೆಯ ಅಕ್ಷರಗಳ ಸಮೇತ ಅದೇ. 'ಸ್ಲಾಟಿನಲ್ಲಿ ಹಿಡಿಯಲಿಲ್ಲ' ಎಂದು ಗೇಜು ಇಳಿಸುವುದು ಎಲ್ಲಕ್ಕಿಂತ ಸಾಮಾನ್ಯ ಮೋಸ. ವಾಪಸು ಬಂದ ಮೇಲೆ ಹಂತ 7ರಲ್ಲಿ ಬರೆದಿಟ್ಟ ಖಾಲಿ ಆಂಪಿಯರಿಗೆ ಹೋಲಿಸಿ. ಗಣನೀಯವಾಗಿ ಏರಿದ್ದರೆ ಸುತ್ತು ಕಡಿಮೆಯಾಗಿದೆ ಅಥವಾ ಕೋರ್ ಕೆಟ್ಟಿದೆ.

ಎರಡನೇ ಸಲ ಸುಟ್ಟ, ಐದು ಎಚ್‌ಪಿ ಒಳಗಿನ, ಹಳೆಯ 325ರ ಮೋಟಾರಾದರೆ ಗುಜರಿಗೆ ಹಾಕಿ ಹೊಸದು ತನ್ನಿ.

ಹಂತ 9: ಜನರೇಟರ್

ಮೊದಲು ಕೆವಿಎ. ಜನರೇಟರಿನ ತಗಡಿನಲ್ಲಿ 25 ಕೆವಿಎ, ಪವರ್ ಫ್ಯಾಕ್ಟರ್ 0.8 ಎಂದಿದ್ದರೆ ಕೊಡುವುದು 20 ಕಿಲೋವ್ಯಾಟ್, 415 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್.

ಆಮೇಲೆ, ಯಾವ ಬಗೆಯ ರೇಟಿಂಗ್ ಎಂದು ಕೇಳಿ. ಡೀಸೆಲ್ ಜನರೇಟರ್ ಸೆಟ್ಟುಗಳ ಮಾನಕ ಐಎಸ್ಓ 8528 ಇವನ್ನು ಬೇರ್ಪಡಿಸುತ್ತದೆ. ಸಿಓಪಿ ಎಂದರೆ ಒಂದೇ ಸಮನೆ ಹೊರೆ, ಎಷ್ಟು ಗಂಟೆಯಾದರೂ. ಪಿಆರ್‌ಪಿ ಎಂದರೆ ಏರಿಳಿಯುವ ಹೊರೆ, 24 ಗಂಟೆಯ ಸರಾಸರಿ ಶೇ 70 ದಾಟಬಾರದು. ಇಎಸ್‌ಪಿ ಎಂದರೆ ಕರೆಂಟು ಹೋದಾಗ ಮಾತ್ರ, ವರ್ಷಕ್ಕೆ 200 ಗಂಟೆಯವರೆಗೆ. ಒಂದೇ ಯಂತ್ರಕ್ಕೆ ಇಎಸ್‌ಪಿ ಅಂಕಿ ದೊಡ್ಡದಾಗಿರುತ್ತದೆ, ಮಾರುವವರು ಹೇಳುವುದೂ ಅದನ್ನೇ. ನೀವು ಕೊಟೇಶನ್ನಿನಲ್ಲಿ ಪಿಆರ್‌ಪಿ ಅಂಕಿ ಬರೆಸಿಕೊಳ್ಳಿ.

ಮೋಟಾರು ಎಬ್ಬಿಸುವ ಲೆಕ್ಕ ಬೇರೆ. ಹಂತ 2ರ ಮೋಟಾರು ಓಡುವಾಗ ಸುಮಾರು 10 ಕೆವಿಎ, ಡಿಓಎಲ್‌ನಲ್ಲಿ ಏಳುವಾಗ ಆರು ಪಟ್ಟು ಎಂದರೆ 60. ಆಲ್ಟರ್ನೇಟರು (ಜನರೇಟರ್ ಸೆಟ್ಟಿನಲ್ಲಿ ಕರೆಂಟು ಹುಟ್ಟಿಸುವ ಭಾಗ) ಕ್ಷಣಕಾಲ ತನ್ನ ಶಕ್ತಿಯ ಎರಡೂವರೆ ಪಟ್ಟಿನಷ್ಟು ಕೊಡಬಲ್ಲದು ಎಂದು ಹಿಡಿದರೆ ಅಂದಾಜು 25 ಕೆವಿಎ ಬೇಕು. ಸ್ಟಾರ್-ಡೆಲ್ಟಾ ಇದ್ದರೆ 15ರಲ್ಲಿ ಆಗಬಹುದು. ಹಲವು ಮೋಟಾರುಗಳಿದ್ದರೆ ದೊಡ್ಡದನ್ನು ಮೊದಲು ಎಬ್ಬಿಸಿ, ಚಿಕ್ಕವನ್ನು ಆಮೇಲೆ. ಹಾಗೆಂದು ಬೇಕಾದ್ದಕ್ಕಿಂತ ಬಹಳ ದೊಡ್ಡ ಸೆಟ್ ತಂದು ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ದಿನಗಟ್ಟಲೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ.

ವೋಲ್ಟೇಜು, ಫ್ರೀಕ್ವೆನ್ಸಿ ಎಷ್ಟು ಸ್ಥಿರ ಎಂಬುದಕ್ಕೆ ಜಿ1, ಜಿ2, ಜಿ3 ದರ್ಜೆಗಳಿವೆ. ಜಿ2ರಲ್ಲಿ ವೋಲ್ಟೇಜ್ ±2.5% ಒಳಗಿರಬೇಕು, ಖಾಲಿ ಓಟದಿಂದ ಪೂರ್ತಿ ಹೊರೆಗೆ ಫ್ರೀಕ್ವೆನ್ಸಿ ಶೇ 5ಕ್ಕಿಂತ ಹೆಚ್ಚು ಇಳಿಯಬಾರದು. ಮೋಟಾರು, ಲೈಟಿಗೆ ಇದು ಧಾರಾಳ. ಕಲರ್ ಸಾರ್ಟರಿನಂಥ (ಬಣ್ಣ ನೋಡಿ ಕಾಳು ಬೇರ್ಪಡಿಸುವ) ಎಲೆಕ್ಟ್ರಾನಿಕ್ ಯಂತ್ರ ಇದ್ದರೆ ಜಿ3 ಕೇಳಿ.

ಹೊಸ ಸೆಟ್ಟು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) 4 ಪ್ಲಸ್ ಹೊಗೆ ನಿಯಮದ್ದೇ ಆಗಿರಬೇಕು. 800 ಕಿಲೋವ್ಯಾಟ್‌ವರೆಗಿನ ಸೆಟ್ಟುಗಳಿಗೆ ಇದು 2023ರ ಜುಲೈ 1ರಿಂದ ಬಂದಿದೆ. ಡಬ್ಬಿಯೊಳಗಿನ ಸೆಟ್ಟಿನ ಸದ್ದು 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಹೊಗೆ ಕೊಳವೆ ಕಟ್ಟಡದ ಎತ್ತರಕ್ಕಿಂತ 0.2 × √ಕೆವಿಎ ಮೀಟರ್ ಮೇಲಿರಬೇಕು: 25 ಕೆವಿಎಗೆ 1 ಮೀಟರ್.

ಬೆಸ್ಕಾಂ ಲೈನಿಗೂ ಜನರೇಟರಿಗೂ ನಡುವೆ ನಾಲ್ಕು ಪೋಲಿನ ಚೇಂಜ್‌ಓವರ್ ಸ್ವಿಚ್ಚೇ ಇರಬೇಕು, ನ್ಯೂಟ್ರಲ್ ಸಮೇತ ಬೇರ್ಪಡಬೇಕು. ಎರಡು ಎಂಸಿಬಿ ಹಾಕಿ 'ಒಂದು ಆಫ್ ಮಾಡಿ ಇನ್ನೊಂದು ಆನ್ ಮಾಡ್ತೀವಿ' ಎನ್ನುವ ಏರ್ಪಾಡಿನಲ್ಲಿ ಒಂದು ದಿನ ಕೈ ತಪ್ಪಿದರೆ ನಿಮ್ಮ ಜನರೇಟರಿನ ಕರೆಂಟು ಟಿಸಿಯಲ್ಲಿ 11 ಸಾವಿರ ವೋಲ್ಟಾಗಿ ಮೇಲೆ ಹೋಗುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಜೀವ ತೆಗೆಯುತ್ತದೆ. ಆಲ್ಟರ್ನೇಟರಿನ ಮೈಗೆ ಎರಡು, ನ್ಯೂಟ್ರಲಿಗೆ ಎರಡು ಪ್ರತ್ಯೇಕ ಅರ್ಥ್ ಕೊಡಿಸಿ. ಸೆಟ್ಟಿಗೆ ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಬೇಕಾಗುತ್ತದೆಯೇ ಎಂದು ಖರೀದಿಗೆ ಮುಂಚೆಯೇ ಜಿಲ್ಲೆಯ ಪರಿವೀಕ್ಷಣಾಲಯದಲ್ಲಿ ಕೇಳಿಕೊಳ್ಳಿ.

ಡೆಲಿವರಿಯ ದಿನ ದುಡ್ಡಿನ ಕೊನೆಯ ಕಂತು ಕೊಡುವ ಮುನ್ನ ಒಂದು ಗಂಟೆ ನಿಮ್ಮದೇ ಹೊರೆಯಲ್ಲಿ ಓಡಿಸಿ ನೋಡಿ. ಖಾಲಿ ಓಟದ ವೋಲ್ಟೇಜು, ಹರ್ಟ್ಜ್, ಹೊರೆಯ ವೋಲ್ಟೇಜು, ಹರ್ಟ್ಜ್, ಮೂರು ಫೇಸಿನ ಆಂಪಿಯರ್, ಅತಿ ದೊಡ್ಡ ಮೋಟಾರು ಎದ್ದಾಗ ವೋಲ್ಟೇಜು ಎಲ್ಲಿಗೆ ಇಳಿಯಿತು ಎಂಬುದನ್ನು ಬರೆದು, ಬಂದ ಮೆಕ್ಯಾನಿಕ್ ಸಹಿ ಹಾಕಿಸಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮೋಟಾರು ಏಳುವಾಗ ಕಂಟ್ಯಾಕ್ಟರುಗಳು ಪಟಪಟ ಬಿಟ್ಟುಕೊಂಡರೆ ಸೆಟ್ಟು ಚಿಕ್ಕದಾಯಿತು, ಅಥವಾ ಎವಿಆರ್ (ವೋಲ್ಟೇಜನ್ನು ತಾನೇ ಹಿಡಿದಿಡುವ ಬೋರ್ಡು) ಹೊಂದಿಸಿಲ್ಲ. ಎರಡರಲ್ಲಿ ಯಾವುದು ಎಂದು ಗಾಡಿ ವಾಪಸು ಹೋಗುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ.